ಬೇಸಿಗೆಯಲ್ಲಿ ರಿಶಿರಿ ದ್ವೀಪ: ಮೋಡ ನೋಡಿ ದಾರಿ ಆರಿಸಿ

ರಿಶಿರಿಯಲ್ಲಿ ಇರುವುದು ಒಂದೇ ಬೆಟ್ಟ, ಅದನ್ನು ಸುತ್ತಿ ಬರುವ ಒಂದೇ ಮುಖ್ಯ ರಸ್ತೆ. ಉತ್ತರ ಜಪಾನಿನ ಹೊಕ್ಕೈಡೋದ ತುದಿಯಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ಸಮುದ್ರ ದಾಟಿದರೆ ಈ ದುಂಡನೆಯ ದ್ವೀಪ ಸಿಗುತ್ತದೆ. ನಟ್ಟನಡುವೆ 1,721 ಮೀಟರ್ ಎತ್ತರದ ಜ್ವಾಲಾಮುಖಿ. ಸಾವಿರಾರು ವರ್ಷಗಳಿಂದ ಅದು ಸುಮ್ಮನಿದೆ. ಆದರೂ ಜಪಾನಿನ ಹವಾಮಾನ ಇಲಾಖೆ ಅದನ್ನು ಸಕ್ರಿಯ ಜ್ವಾಲಾಮುಖಿಗಳ ಪಟ್ಟಿಯಲ್ಲೇ ಇಟ್ಟಿದೆ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ನಿಜ. ಆದರೆ ಅಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ. ಇಲ್ಲಿ ಬೆಟ್ಟದ ಬುಡವೇ ಸಮುದ್ರ. ಅಲೆ ಬಡಿಯುವ ಜಾಗದಲ್ಲಿ ನಿಂತು ತಲೆ ಎತ್ತಿದರೆ ತುದಿಯವರೆಗೆ ಒಂದೇ ಏರು.

ತೊಂದರೆ ಏನೆಂದರೆ, ಆ ತುದಿ ಕಾಣುವುದು ಮೋಡ ಬಿಟ್ಟುಕೊಟ್ಟಾಗ ಮಾತ್ರ. ಸುತ್ತಲೂ ತಣ್ಣನೆ ಸಮುದ್ರ, ಮಧ್ಯದಲ್ಲಿ ಒಂಟಿ ಬೆಟ್ಟ. ತೇವದ ಗಾಳಿ ಬಂದು ತಾಗಿದ ಕಡೆ ಮೇಲೇರಿ ಮೋಡವಾಗುತ್ತದೆ. ಬೆಳಿಗ್ಗೆ ಬಂದು ಸಂಜೆ ಹೋಗುವವರಲ್ಲಿ ಎಷ್ಟೋ ಜನ ಬೆಟ್ಟವನ್ನೇ ನೋಡದೆ ವಾಪಸಾಗುತ್ತಾರೆ. ಆದರೆ ಒಂದು ಬದಿ ಮುಚ್ಚಿದಾಗ ಇನ್ನೊಂದು ಬದಿ ತೆರೆದಿರುವುದೂ ಇಲ್ಲಿ ಜಾಸ್ತಿ. ಅದಕ್ಕೇ ನನ್ನ ಮೊದಲ ಸಲಹೆ: ಕಡಿಮೆ ಅಂದರೂ ಎರಡು ರಾತ್ರಿ ಉಳಿಯಿರಿ. ಯಾವ ದಿನ ಎಲ್ಲಿಗೆ ಅನ್ನುವುದನ್ನು ಊರಲ್ಲೇ ಕೂತು ಗಟ್ಟಿ ಮಾಡಬೇಡಿ. ಅದನ್ನು ಅಲ್ಲಿನ ಬೆಳಗಿಗೆ ಬಿಡಿ.

ಹೆಜ್ಜೆ 1: ತಿಂಗಳು ಆರಿಸಿಕೊಳ್ಳಿ

ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಆ ಹೊತ್ತಿಗೆ ರಿಶಿರಿ ಬೆಟ್ಟದ ಮೇಲೆ ಇನ್ನೂ ದಪ್ಪ ಹಿಮ ಇರುತ್ತದೆ. ಅಲ್ಲಿನ ಬೇಸಿಗೆ ಅಂದರೆ ಜೂನ್ ಕೊನೆಯಿಂದ ಆಗಸ್ಟ್. ಆಗಸ್ಟಿನಲ್ಲೂ ಸರಾಸರಿ ತಾಪಮಾನ 20 ಡಿಗ್ರಿಯ ಆಸುಪಾಸು. ಟೋಕಿಯೋ ಕಡೆ ಜೂನ್, ಜುಲೈನಲ್ಲಿ ಮಳೆಗಾಲ ಹಿಡಿದು ಕೂರುತ್ತದೆ. ಹೊಕ್ಕೈಡೋಗೆ ಆ ಕಾಟ ಇಲ್ಲ. ಮಂಜು ಮಾತ್ರ ಬರುತ್ತಾ ಹೋಗುತ್ತಾ ಇರುತ್ತದೆ.

ಹೂವು ಬೇಕು ಅಂದರೆ ಜೂನ್ ಕೊನೆ ಮತ್ತು ಜುಲೈ. ಬೆಟ್ಟ ಹತ್ತಬೇಕು ಅಂದರೆ ಜುಲೈ ಅಥವಾ ಆಗಸ್ಟ್. ಜೂನಿನಲ್ಲಿ ಕಣಿವೆಗಳಲ್ಲಿ ಹಿಮ ಉಳಿದಿರಬಹುದು. ಆಗಸ್ಟ್ ನಡುವಿನ ಒಂದು ವಾರ ಬಿಟ್ಟುಬಿಡಿ. ಅದು ಓಬೋನ್ ಹಬ್ಬದ ಸಮಯ, ಜಪಾನೀಯರೆಲ್ಲ ಪ್ರಯಾಣದಲ್ಲಿರುತ್ತಾರೆ. ರೂಮು, ಬಾಡಿಗೆ ಕಾರು ಎರಡೂ ಸಿಗುವುದು ಕಷ್ಟ.

ಬೇಸಿಗೆ ಅಂತ ತೆಳು ಬಟ್ಟೆ ಮಾತ್ರ ಒಯ್ಯಬೇಡಿ. ಒಂದು ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಮಳೆಕೋಟು ಇರಲೇಬೇಕು. ಈ ಗಾಳಿಯಲ್ಲಿ ಛತ್ರಿ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 2: ದ್ವೀಪ ತಲುಪುವುದು

ಬೆಂಗಳೂರಿನಿಂದ ಟೋಕಿಯೋದ ನರಿಟಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಮುಂದಿನ ಗುರಿ ವಕ್ಕನೈ, ಹೊಕ್ಕೈಡೋದ ಉತ್ತರ ತುದಿಯ ಊರು. ಇಲ್ಲಿ ಒಂದು ವಿಷಯ ನೆನಪಿಡಿ: ಟೋಕಿಯೋದಿಂದ ವಕ್ಕನೈಗೆ ವಿಮಾನ ಹೊರಡುವುದು ಹನೇಡಾದಿಂದ, ನರಿಟಾದಿಂದ ಅಲ್ಲ. ಎರಡು ನಿಲ್ದಾಣಗಳ ನಡುವೆ ಊರು ದಾಟಿಕೊಂಡು ಹೋಗಬೇಕು. ಇಳಿದ ದಿನವೇ ಓಡುವ ಬದಲು ಟೋಕಿಯೋದಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು.

ಆಗಲೇ ಹೊಕ್ಕೈಡೋದ ದೊಡ್ಡ ನಗರ ಸಪ್ಪೊರೋದಲ್ಲಿ ಇರುವವರಿಗೆ ರೈಲು ಇದೆ. 'ಸೋಯಾ' ಎಕ್ಸ್‌ಪ್ರೆಸ್ ವಕ್ಕನೈಗೆ ಐದು ಗಂಟೆಗೂ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಕೊನೆಯ ಭಾಗದಲ್ಲಿ ಎಡಗಡೆ ಕಿಟಕಿ ಹಿಡಿದುಕೊಳ್ಳಿ. ಆಕಾಶ ತಿಳಿಯಾಗಿದ್ದರೆ ವಕ್ಕನೈ ಬರುವ ಸ್ವಲ್ಪ ಮೊದಲು ಸಮುದ್ರದ ಮೇಲೆ ರಿಶಿರಿ ಬೆಟ್ಟ ನಿಂತಿರುವುದು ಕಾಣುತ್ತದೆ. ಸಪ್ಪೊರೋದಿಂದ ನೇರವಾಗಿ ದ್ವೀಪಕ್ಕೇ ಹಾರುವ ಸಣ್ಣ ವಿಮಾನವೂ ಇದೆ, ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಮಂಜಿದ್ದ ದಿನ ಅದನ್ನೇ ನಂಬಿ ಕೂರಬೇಡಿ.

ನಾನು ಹೇಳುವುದು ದೋಣಿ. ವಕ್ಕನೈ ರೈಲು ನಿಲ್ದಾಣದಿಂದ ಫೆರಿ ಟರ್ಮಿನಲ್‌ಗೆ ಕಾಲು ಗಂಟೆ ನಡಿಗೆ. ಹಾರ್ಟ್‌ಲ್ಯಾಂಡ್ ಫೆರಿ ಅಲ್ಲಿಂದ ರಿಶಿರಿಯ ಒಶಿದೊಮರಿ ಬಂದರಿಗೆ ಸುಮಾರು 1 ಗಂಟೆ 40 ನಿಮಿಷದಲ್ಲಿ ಮುಟ್ಟಿಸುತ್ತದೆ. ಎರಡನೇ ದರ್ಜೆಯಲ್ಲಿ ಚಪ್ಪಲಿ ಬಿಟ್ಟು ಕಾರ್ಪೆಟ್ ಮೇಲೆ ಕಾಲು ಚಾಚಿ ಕೂರಬಹುದು, ಮಲಗಲೂಬಹುದು. ಆದರೆ ಕೊನೆಯ ಅರ್ಧ ಗಂಟೆ ಡೆಕ್ಕಿಗೆ ಬನ್ನಿ. ದೂರದಿಂದ ನೀಲಿ ಆಕಾರವಾಗಿದ್ದ ಬೆಟ್ಟ ಹತ್ತಿರ ಬಂದಂತೆ ಸೀಳು ಸೀಳಾಗಿ ಬಿಡಿಸಿಕೊಳ್ಳುತ್ತದೆ. ಮೊದಲು ಹಸಿರು ಕಾಡು, ಅದರ ಮೇಲೆ ಪೊದೆ, ಅದರ ಮೇಲೆ ಕೆಂಪು ಮಿಶ್ರಿತ ಕಲ್ಲು. ವಾಂತಿ ಬರುವವರು ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ತೆಗೆದುಕೊಳ್ಳಿ.

ಹೆಜ್ಜೆ 3: ಉಳಿಯುವ ಜಾಗ, ಊಟ, ದುಡ್ಡು

ದ್ವೀಪದಲ್ಲಿ ಎರಡು ಮುಖ್ಯ ಬಂದರು ಊರುಗಳಿವೆ. ಉತ್ತರಕ್ಕೆ ಒಶಿದೊಮರಿ, ಪಶ್ಚಿಮಕ್ಕೆ ಕುತ್ಸುಗತ. ಮೊದಲ ಸಲ ಹೋಗುವವರಿಗೆ ಒಶಿದೊಮರಿಯೇ ಸರಿ. ದೋಣಿ, ಬೆಟ್ಟದ ದಾರಿ, ಬಿಸಿನೀರಿನ ಸ್ನಾನಗೃಹ ಎಲ್ಲ ಹತ್ತಿರ. ಹೋಟೆಲುಗಳ ಜೊತೆ ಮಿನ್ಶುಕು ಅನ್ನುವ ಮನೆಯಂಥ ವಸತಿಗಳೂ ಇವೆ, ಸಾಮಾನ್ಯವಾಗಿ ಎರಡು ಊಟ ಸೇರಿಸಿಯೇ ಬೆಲೆ ಹೇಳುತ್ತಾರೆ. ಡೇರೆ ಒಯ್ಯುವವರಿಗೆ ಬೆಟ್ಟದ ಬುಡದ ಹೊಕುರೊಕು ಶಿಬಿರ ಮತ್ತು ಸಮುದ್ರದಂಚಿನ ಕುತ್ಸುಗತ ಶಿಬಿರ ಎರಡೂ ಚೆನ್ನಾಗಿವೆ.

ಊಟದ ವಿಷಯ ಬಿಡಿಸಿ ಹೇಳಬೇಕು. ಮೀನು, ಸಮುದ್ರದ ಪದಾರ್ಥ ತಿನ್ನುವವರಿಗೆ ಇದು ಸ್ವರ್ಗ. ಉನಿ, ಅಂದರೆ ಸಮುದ್ರದ ಮುಳ್ಳುಚೆಂಡಿನ ಒಳಗಿನ ಕಿತ್ತಳೆ ಬಣ್ಣದ ತಿರುಳು, ಬೇಸಿಗೆಯಲ್ಲಿ ತಾಜಾ ಸಿಗುತ್ತದೆ. ಬಿಸಿ ಅನ್ನದ ಮೇಲೆ ಹರಡಿ ಕೊಡುತ್ತಾರೆ. ಇಲ್ಲಿನ ಉನಿ ತಿಂದು ಬೆಳೆಯುವುದು ಕೊಂಬು ಅನ್ನುವ ಕಡಲಪಾಚಿಯನ್ನು, ಅದಕ್ಕೇ ಆ ರುಚಿ ಅನ್ನುತ್ತಾರೆ ಊರವರು. ಕುತ್ಸುಗತದಲ್ಲಿ ಕೊಂಬು ರಸದಲ್ಲಿ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸ್, ಮಾಡುವ ಅಂಗಡಿ ಮಿರಾಕು ಜಪಾನಿನಾದ್ಯಂತ ಹೆಸರು ಮಾಡಿದೆ. ತೆರೆಯುವುದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ, ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ.

ಸಸ್ಯಾಹಾರಿಗಳು ತಯಾರಿ ಮಾಡಿಕೊಂಡೇ ಹೋಗಬೇಕು. ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಒಣಮೀನಿನ ರಸ ಇರುತ್ತದೆ. ವಸತಿಯಲ್ಲಿ 'ಊಟ ಬೇಡ, ರೂಮು ಮಾತ್ರ' ಅಂತ ಬುಕ್ ಮಾಡಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯಿರಿ. ಹಸಿ ಹಣ್ಣು, ತರಕಾರಿ, ಮಾಂಸದ ಪದಾರ್ಥ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ, ಅವು ಬೇಡ. ಎರಡೂ ಊರಿನಲ್ಲಿ ಸೈಕೋಮಾರ್ಟ್ ಅಂಗಡಿ ಇದೆ. ಅಲ್ಲಿ ಬರೀ ಅನ್ನ, ಉಮೆ ಅನ್ನುವ ಹುಳಿ ಉಪ್ಪಿನಕಾಯಿ ಇಟ್ಟ ಅನ್ನದುಂಡೆ, ಹಾಲು, ಬ್ರೆಡ್ಡು, ಹಣ್ಣು ಸಿಗುತ್ತವೆ. ಉಂಡೆಯ ಹಿಂದಿನ ಪಟ್ಟಿಯನ್ನು ಫೋನಿನ ಅನುವಾದಕದಲ್ಲಿ ಒಮ್ಮೆ ನೋಡಿಕೊಳ್ಳಿ.

ನಗದು ಇಟ್ಟುಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ವಕ್ಕನೈಯಲ್ಲೇ ಯೆನ್ ತೆಗೆದುಕೊಂಡು ದೋಣಿ ಹತ್ತಿ.

ಹೆಜ್ಜೆ 4: ಬೆಳಿಗ್ಗೆ ಎದ್ದು ಬೆಟ್ಟ ನೋಡಿ

ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಜಾವ 4 ಗಂಟೆಗೂ ಮುಂಚೆ. ಐದಕ್ಕೆ ಎದ್ದರೆ ಪೂರ್ತಿ ಬೆಳಕಿರುತ್ತದೆ, ಅಲ್ವಾ? ಆಗ ಪೇಶಿ ಮಿಸಾಕಿಗೆ ನಡೆದುಬಿಡಿ. ಒಶಿದೊಮರಿ ಬಂದರಿನ ಪಕ್ಕದಲ್ಲೇ ಸಮುದ್ರಕ್ಕೆ ಚಾಚಿದ ಬಂಡೆಗುಡ್ಡ ಅದು, ಎತ್ತರ 93 ಮೀಟರ್. ಕಡಿದಾದರೂ ಚಿಕ್ಕ ಏರು. ಮೇಲೆ ನಿಂತರೆ ಕೆಳಗೆ ಬಂದರು, ಎದುರಿಗೆ ಇಡೀ ಬೆಟ್ಟ, ಒಂದು ಪಕ್ಕದಲ್ಲಿ ರೆಬುನ್ ದ್ವೀಪ. ದಾರಿಯಲ್ಲಿ ಹಳೆಯ ಸಮಾಧಿಕಲ್ಲುಗಳಿವೆ. 1808ರಲ್ಲಿ ರಷ್ಯನ್ನರ ಭಯದಿಂದ ಉತ್ತರದ ಗಡಿ ಕಾಯಲು ದೂರದ ಐಜು ಸೀಮೆಯಿಂದ ಕಳಿಸಿದ್ದ ಸೈನಿಕರವು. ರೋಗಕ್ಕೆ ಸಿಕ್ಕಿ ಇಲ್ಲೇ ಸತ್ತರು.

ಅಲ್ಲಿಂದ ಮೋಡ ಯಾವ ಕಡೆ ಕೂತಿದೆ ಅಂತ ನೋಡಿ. ಬೆಟ್ಟ ಪೂರ್ತಿ ತೆರೆದಿದ್ದರೆ ಬೇರೆ ಯೋಚನೆ ಬೇಡ, ತಕ್ಷಣ ಹಿಮೆನುಮ ಮತ್ತು ಒತತೊಮರಿ ಕೊಳಗಳಿಗೆ ಹೊರಡಿ. ಪೂರ್ವದ ಬದಿ ಮುಚ್ಚಿದ್ದರೆ ಪಶ್ಚಿಮದ ಕುತ್ಸುಗತ ಕಡೆ ಹೋಗಿ. ಎಲ್ಲ ಕಡೆ ಮುಚ್ಚಿದ್ದರೆ ಅದು ಸಮುದ್ರತೀರದ ಲಾವಾ, ಕಾಡಿನ ನಡಿಗೆ, ಬಿಸಿನೀರಿನ ಸ್ನಾನದ ದಿನ. ರಿಶಿರಿಯ ಕಾಡು ಮಂಜಿನಲ್ಲೇ ಹೆಚ್ಚು ಚೆಂದ.

ಹೆಜ್ಜೆ 5: ರಸ್ತೆ ಹಿಡಿದು ದ್ವೀಪ ಸುತ್ತುವುದು

ಒಂದು ಸುತ್ತು ಹೆಚ್ಚುಕಡಿಮೆ 60 ಕಿಲೋಮೀಟರ್. ಬಸ್ಸಿದೆ, ಆದರೆ ದಿನಕ್ಕೆ ಕೆಲವೇ ಸಲ. ದೋಣಿಯ ಸಮಯಕ್ಕೆ ಹೊಂದಿಸಿದ ಟೂರ್ ಬಸ್ ಬೇಸಿಗೆಯಲ್ಲಿ ಓಡುತ್ತದೆ, ವಯಸ್ಸಾದವರಿಗೆ ಅದು ಅನುಕೂಲ. ಮೋಡದ ಹಿಂದೆ ಓಡಬೇಕಾದವರಿಗೆ ಮಾತ್ರ ಸ್ವಂತ ಗಾಡಿಯೇ ಬೇಕು. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಜಪಾನಿನಲ್ಲಿ ನಡೆಯುತ್ತದೆ, ಓಡಿಸುವುದೂ ನಮ್ಮಂತೆ ಎಡಗಡೆ. ಕಾರನ್ನು ವಕ್ಕನೈಯಿಂದ ದೋಣಿಯಲ್ಲಿ ತರುವುದು ದುಬಾರಿ, ದ್ವೀಪದಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಇರುವ ಗಾಡಿಗಳು ಕಡಿಮೆ, ಮುಂಚೆಯೇ ಕಾದಿರಿಸಿ.

ಸೈಕಲ್ ತುಳಿಯಬಲ್ಲವರು ಸೈಕಲ್ಲನ್ನೇ ಆರಿಸಿ. ಒಶಿದೊಮರಿ ಮತ್ತು ಕುತ್ಸುಗತ ನಡುವೆ ಸೈಕಲ್ಲಿಗೇ ಅಂತ ಮಾಡಿದ ದಾರಿ ಇದೆ. ಕಾಡು, ಹುಲ್ಲು, ಸಮುದ್ರ ನೋಡುತ್ತಾ ಹೋಗಬಹುದು. ಪೂರ್ತಿ ಸುತ್ತಿಗೆ ನಿಧಾನವಾಗಿ ಒಂದು ದಿನ ಸಾಕು. ಎದುರುಗಾಳಿ ಒಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾರಾದರೂ ಸೈಕಲ್ಲಾದರೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಿ. ಎಡಗಡೆ ಓಡಿಸುವುದರಿಂದ ಆಗ ನೀವು ಸದಾ ಸಮುದ್ರದ ಬದಿಯಲ್ಲಿ ಇರುತ್ತೀರಿ. ರಸ್ತೆ ದಾಟದೆ ಪಕ್ಕಕ್ಕೆ ನಿಲ್ಲಿಸಬಹುದು.

ಮೊದಲು ಹಿಮೆನುಮ. ಕಾಡಿನೊಳಗಿನ ಈ ಕೊಳ ತಾನಾಗಿ ಆದದ್ದಲ್ಲ. 1917ರಲ್ಲಿ ಒರತೆ ನೀರನ್ನು ಕಟ್ಟಿ ನಿಲ್ಲಿಸಿ ಹಿಮೆಮಸು ಅನ್ನುವ ಮೀನು ಬಿಟ್ಟರು. ಸುತ್ತಲೂ ಹಲಗೆ ದಾರಿ ಇದೆ, ಇಪ್ಪತ್ತು ನಿಮಿಷದ ನಡಿಗೆ. ಗಾಳಿ ಏಳುವ ಮೊದಲು, ಅಂದರೆ ಬೆಳಿಗ್ಗೆ ಬೇಗ ಹೋದರೆ ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತದೆ. ಎಂಟು ಗಂಟೆ ಮೇಲೆ ಟೂರ್ ಬಸ್ಸುಗಳು ಬರುತ್ತವೆ.

ಸ್ವಲ್ಪ ಮುಂದೆ ನೊಜುಕ. ಇಲ್ಲೊಂದು ಸ್ಮಾರಕ ಇದೆ, ಬಹಳ ಜನ ನಿಲ್ಲಿಸದೇ ಹೋಗುತ್ತಾರೆ. ದಯವಿಟ್ಟು ನಿಲ್ಲಿಸಿ. 1848ರಲ್ಲಿ ರಾನಲ್ಡ್ ಮ್ಯಾಕ್‌ಡೊನಾಲ್ಡ್ ಅನ್ನುವ ಇಪ್ಪತ್ನಾಲ್ಕರ ಹುಡುಗ ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿ ಇಳಿಸಿಕೊಂಡು ಒಬ್ಬನೇ ಇಲ್ಲಿಗೆ ಬಂದ. ಅಪ್ಪ ಸ್ಕಾಟ್ಲೆಂಡಿನವ, ಅಮ್ಮ ಅಮೆರಿಕದ ಚಿನೂಕ್ ಬುಡಕಟ್ಟಿನವಳು. ಹೊರಗಿನವರು ಕಾಲಿಟ್ಟರೆ ಸೆರೆ ಅನ್ನುವ ಕಾಲ ಅದು. ಗೊತ್ತಿದ್ದೇ ಬಂದ, ಹಡಗು ಒಡೆದವನಂತೆ ನಟಿಸಿದ. ಅವನನ್ನು ಹಿಡಿದು ದೂರದ ನಾಗಸಾಕಿಗೆ ಸಾಗಿಸಿದರು. ಅಲ್ಲಿ ಬಂಧನದಲ್ಲಿ ಇದ್ದುಕೊಂಡೇ ಜಪಾನಿ ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಅವನ ಶಿಷ್ಯ ಮೊರಿಯಾಮ ಎಯ್‌ನೊಸುಕೆ ಮುಂದೆ ಅಮೆರಿಕದ ನೌಕಾಪಡೆಯ ಅಧಿಕಾರಿ ಪೆರ್ರಿಯ ಜೊತೆಗಿನ ಮಾತುಕತೆಯಲ್ಲಿ ದುಭಾಷಿಯಾಗಿದ್ದ. ಜಪಾನ್ ಹೊರಜಗತ್ತಿಗೆ ಬಾಗಿಲು ತೆರೆದ ಕಥೆಯ ಒಂದು ಎಳೆ ಈ ಕಲ್ಲುತೀರದಿಂದ ಶುರುವಾಗುತ್ತದೆ.

ಆಮೇಲೆ ಒನಿವಾಕಿ ಊರು ದಾಟಿ ದಕ್ಷಿಣಕ್ಕೆ ಬಂದರೆ ಒತತೊಮರಿ ಕೊಳ. ದ್ವೀಪದ ಅತಿ ದೊಡ್ಡ ಕೊಳ ಇದೇ. ಬಿಸಿ ಲಾವಾರಸ ನೆಲದ ನೀರಿಗೆ ತಾಗಿ ಸಿಡಿದು ಆದ ಗುಂಡಿಯಲ್ಲಿ ನೀರು ನಿಂತಿದೆ. ಪಕ್ಕದ ಜೌಗು ನೆಲವೂ ಅದೇ ಗುಂಡಿಯ ಭಾಗ. ಇಲ್ಲಿಂದ ಬೆಟ್ಟ ಉತ್ತರದಲ್ಲಿ ಕಂಡಂತಿಲ್ಲ. ಉತ್ತರದಿಂದ ನಯವಾದ ಶಂಕುವಿನಂತಿದ್ದದ್ದು ಇಲ್ಲಿ ಹರಿದು ಚೂಪಾಗಿದೆ. ಹತ್ತಿರದ ನುಮೌರ ದಿಬ್ಬಕ್ಕೂ ಹತ್ತಿ. ಹೊಕ್ಕೈಡೋದ 'ಶಿರೋಯ್ ಕೊಯ್‌ಬಿತೊ' ಬಿಸ್ಕತ್ತಿನ ಡಬ್ಬಿ ನೋಡಿದ್ದರೆ ಅದರ ಮೇಲಿನ ಹಿಮದ ಬೆಟ್ಟ ಇದೇ.

ಅಲ್ಲಿಂದ ಸ್ವಲ್ಪ ದೂರದ ಮಿನಾಮಿಹಾಮ ಜೌಗಿನಲ್ಲಿ ಹಲಗೆ ದಾರಿ ಇದೆ, ಜನ ಕಡಿಮೆ, ಹೂವು ಜಾಸ್ತಿ. ದಕ್ಷಿಣ ತುದಿಯ ಸೆನ್ಹೋಶಿಯಲ್ಲಿ ಲಾವಾ ನೇರ ಸಮುದ್ರಕ್ಕೆ ಇಳಿದು ನಿಂತಿದೆ. ಬಗ್ಗಿ ಮುಟ್ಟಿ ನೋಡಿ. ಕಪ್ಪು ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಕರಗಿದ ಕಲ್ಲಿನಲ್ಲಿದ್ದ ಅನಿಲ ಗುಳ್ಳೆಯಾಗಿ ಉಳಿದದ್ದು ಅದು. ಬೀಳುವ ಮಳೆ, ಕರಗುವ ಹಿಮ ಎಲ್ಲವನ್ನೂ ಈ ಬೆಟ್ಟ ಇಂಥ ತೂತು, ಬಿರುಕುಗಳಲ್ಲಿ ನುಂಗಿಕೊಳ್ಳುತ್ತದೆ. ಹಾಗಾಗಿ ದ್ವೀಪದಲ್ಲಿ ದೊಡ್ಡ ಹೊಳೆಗಳೇ ಇಲ್ಲ. ನೀರು ಒಳಗೊಳಗೇ ಇಳಿದು ತೀರದಲ್ಲಿ, ಕೆಲವು ಕಡೆ ಸಮುದ್ರದ ತಳದಲ್ಲಿ ಒರತೆಯಾಗಿ ಏಳುತ್ತದೆ. ಪಶ್ಚಿಮದ ರಸ್ತೆ ಪಕ್ಕದಲ್ಲೇ ರೇಹೊ ಅನ್ನುವ ಒರತೆ ಇದೆ, ಬಾಟಲಿ ತುಂಬಿಸಿಕೊಳ್ಳಿ. ಮಲಗಿದ ಕರಡಿಯಂಥ ಬಂಡೆ, ಮನುಷ್ಯನ ಮುಖದಂಥ ಬಂಡೆ ಇರುವುದೂ ಇದೇ ದಾರಿಯಲ್ಲಿ.

ಸಂಜೆಗೆ ಒಶಿದೊಮರಿ ಹತ್ತಿರದ ಯೂಹಿಗವೊಕ ದಿಬ್ಬಕ್ಕೆ ಬನ್ನಿ. ಸೂರ್ಯ ಮುಳುಗುವುದು ರೆಬುನ್ ದ್ವೀಪದ ಕಡೆ. ಜೂನಿನಲ್ಲಿ ಅದು ಸಂಜೆ 7 ದಾಟಿದ ಮೇಲೆ.

ಹೆಜ್ಜೆ 6: ಬೆಟ್ಟ ಹತ್ತುವವರು ಇದನ್ನು ಓದಲೇಬೇಕು

ಒಶಿದೊಮರಿ ದಾರಿ ಶುರುವಾಗುವುದು ಸುಮಾರು 220 ಮೀಟರ್ ಎತ್ತರದ ಹೊಕುರೊಕು ಶಿಬಿರದಿಂದ. ಅಂದರೆ 1,500 ಮೀಟರ್ ಕಾಲಲ್ಲೇ ಏರಬೇಕು, ಇಳಿಯಬೇಕು. ಹೋಗಿ ಬರಲು ಹತ್ತರಿಂದ ಹನ್ನೆರಡು ಗಂಟೆ ಇಟ್ಟುಕೊಳ್ಳಿ. ದಿನವಿಡೀ ನಡೆದು ಅಭ್ಯಾಸ ಇಲ್ಲದವರು ದಯವಿಟ್ಟು ಹೋಗಬೇಡಿ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೊರಡಬೇಕು. ಎಷ್ಟೋ ವಸತಿಗಳು ಆ ಹೊತ್ತಿಗೆ ಬುಡದವರೆಗೆ ಗಾಡಿಯಲ್ಲಿ ಬಿಡುತ್ತವೆ, ಹಿಂದಿನ ದಿನವೇ ಕೇಳಿ.

ಹತ್ತು ನಿಮಿಷ ನಡೆದರೆ ಕನ್ರೊಸೆನ್ಸುಯ್ ಒರತೆ. ಜಪಾನಿನ ನೂರು ಒಳ್ಳೆಯ ನೀರುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಉತ್ತರದ್ದು. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಇಲ್ಲಿಂದ ಮೇಲೆ ನೀರಿಲ್ಲ, ಒಬ್ಬೊಬ್ಬರು ಎರಡು ಲೀಟರಾದರೂ ತುಂಬಿಕೊಳ್ಳಿ.

ಬುಡದಿಂದ ತುದಿಯವರೆಗಿನ ದಾರಿಯನ್ನು ಹತ್ತು ಹಂತಗಳಾಗಿ ಎಣಿಸುತ್ತಾರೆ. ಎಂಟನೇ ಹಂತ ಚೋಕನ್‌ಜಾನ್, 1,218 ಮೀಟರ್. ಕಾಡು, ಪೊದೆ ದಾಟಿ ಇಲ್ಲಿಗೆ ಬಂದಾಗ ತುದಿ ಮೊದಲ ಸಲ ಎದುರಿಗೆ ಬರುತ್ತದೆ. ಮುಂದೆ ಒಂದು ಆಶ್ರಯದ ಗುಡಿಸಲು. ಒಂಬತ್ತನೇ ಹಂತದ ಫಲಕ 'ನಿಜವಾದ ಪರೀಕ್ಷೆ ಇಲ್ಲಿಂದ' ಅನ್ನುತ್ತದೆ, ಅದು ಸರಿಯಾದ ಮಾತು. ಮೇಲೆ ಕೆಂಪು ಜಲ್ಲಿಯಂಥ ಜ್ವಾಲಾಮುಖಿ ಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಇಳಿಯುವಾಗ ಇನ್ನೂ ಹುಷಾರು. ಗುಡಿ ಇರುವ ಉತ್ತರ ಶಿಖರ 1,719 ಮೀಟರ್. ದಕ್ಷಿಣ ಶಿಖರ ಎರಡು ಮೀಟರ್ ಹೆಚ್ಚು ಎತ್ತರ, ಆದರೆ ಕುಸಿಯುತ್ತಿರುವುದರಿಂದ ಅಲ್ಲಿಗೆ ಬಿಡುವುದಿಲ್ಲ. ಆಸೆಪಟ್ಟು ದಾಟಬೇಡಿ. ಕುತ್ಸುಗತ ಕಡೆಯ ದಾರಿ ಕಲ್ಲು ಉರುಳುವ ಜಾಗ, ಅನುಭವ ಇದ್ದವರಿಗೆ ಮಾತ್ರ.

ಮೂರು ನಿಯಮಗಳನ್ನು ಊರವರು ಮನಸ್ಸಿಟ್ಟು ಕಾಯುತ್ತಾರೆ, ನಾವೂ ಕಾಯಬೇಕು. ಬೆಟ್ಟದಲ್ಲಿ ಶೌಚಾಲಯ ಇಲ್ಲ. ಚೀಲದಂಥ ಶೌಚದ ಕಿಟ್ ಊರಲ್ಲೇ ಕೊಂಡು, ದಾರಿಯಲ್ಲಿರುವ ಬೂತಿನೊಳಗೆ ಬಳಸಿ, ಕೆಳಗೆ ತಂದು ಡಬ್ಬಿಗೆ ಹಾಕಬೇಕು. ಊರುಗೋಲಿನ ತುದಿಗೆ ರಬ್ಬರ್ ಟೋಪಿ ಇರಬೇಕು. ಗಿಡಗಳ ಮೇಲೆ ಕೂರಬಾರದು, ಕಾಲಿಡಬಾರದು. ಇದರ ಕಾರಣ ತುದಿಯ ಹತ್ತಿರ ಕಾಣುತ್ತದೆ. ಜಪಾನಿನ ಏಕೈಕ ಕಾಡು ಗಸಗಸೆ, ರಿಶಿರಿ ಹಿನಗೆಶಿ, ಈ ದ್ವೀಪ ಬಿಟ್ಟರೆ ಲೋಕದಲ್ಲಿ ಎಲ್ಲೂ ಇಲ್ಲ. ಜಾರುವ ಕಲ್ಲಿನ ನಡುವೆ ಬೆರಳುದ್ದದ ಕಾಂಡ, ತೆಳು ಹಳದಿ ಹೂ. ಮಣ್ಣು ಕುಸಿದಂತೆ ಅದರ ಜಾಗವೂ ಕಡಿಮೆಯಾಗುತ್ತಿದೆ.

ಕರಡಿಯ ಭಯ ಬೇಡ. ಹೊಕ್ಕೈಡೋದ ಕಂದು ಕರಡಿ ಇಲ್ಲಿ ಇಲ್ಲ. 2018ರಲ್ಲಿ ಒಂದು ಈಜಿಕೊಂಡು ಬಂದಿತ್ತು, 1912ರ ನಂತರ ಅದೇ ಮೊದಲು. ಕೆಲವು ವಾರ ಇದ್ದು ಕಾಣೆಯಾಯಿತು.

ಇಷ್ಟೆಲ್ಲ ಆಗದವರಿಗೆ ಪೊನ್‌ಯಾಮ ಇದೆ. ಅದೇ ಶಿಬಿರದಿಂದ ಹೊರಡುವ, 444 ಮೀಟರ್ ಎತ್ತರದ ಮರಿಗುಡ್ಡ. ಅರ್ಧ ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ಮೇಲಿಂದ ದೊಡ್ಡ ಬೆಟ್ಟದ ಪೂರ್ತಿ ಮೈ ಕಾಣುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಒಂದು ದಿನ ಉಳಿದರೆ ರೆಬುನ್ ದ್ವೀಪಕ್ಕೆ ದೋಣಿಯಲ್ಲಿ ಮುಕ್ಕಾಲು ಗಂಟೆ. ಮೊಮೊಇವಾ ಹಾದಿಯ ಹೂಗಳಾಚೆ ಸಮುದ್ರದ ಮೇಲೆ ರಿಶಿರಿಯನ್ನು ನೋಡಬಹುದು.

ಹೆಜ್ಜೆ 7: ಕೊಂಬು ಒಣಗಿಸುವುದನ್ನು ನೋಡಿ, ಕೊಂಡು ತನ್ನಿ

ಜುಲೈ ನಡುವಿನಿಂದ ಆಗಸ್ಟ್‌ವರೆಗೆ, ಬಿಸಿಲಿನ ದಿನ ತೀರದ ಹಳ್ಳಿಗಳಲ್ಲಿ ಬೆಳಿಗ್ಗೆ ಒಂದು ಸುತ್ತು ಬನ್ನಿ. ಮೀನುಗಾರರು ಸಣ್ಣ ದೋಣಿಯಲ್ಲಿ ಕೊಂಬು ತಂದು ದಡಕ್ಕೆ ಹಾಕುತ್ತಾರೆ. ಮನೆಮಂದಿಯೆಲ್ಲ, ಅಜ್ಜಿಯರೂ ಸೇರಿ, ಜಲ್ಲಿ ಹಾಸಿದ ಅಂಗಳದಲ್ಲಿ ಬಗ್ಗಿ ಒಂದೊಂದೇ ಪಟ್ಟಿಯನ್ನು ನೇರ ಮಾಡಿ ಹಾಸುತ್ತಾ ಹೋಗುತ್ತಾರೆ. ಒಂದರ ಮೇಲೊಂದು ಬೀಳಬಾರದು, ಮಡಿಕೆ ಇರಬಾರದು. ಹಾಸುವಾಗ ಒದ್ದೆ ತೊಗಲಿನಂತೆ ಹೊಳೆಯುತ್ತದೆ. ಒಣಗಿದಂತೆ ಕಪ್ಪಾಗಿ ಗಟ್ಟಿಯಾಗುತ್ತದೆ. ಮಳೆ ತಾಗಿದರೆ ಬೆಲೆ ಹೋಯಿತು, ಆದ್ದರಿಂದ ಅವರ ಕಣ್ಣೂ ಮೋಡದ ಮೇಲೇ. ಆ ಜಲ್ಲಿ ಅಂಗಳಕ್ಕೆ ಕಾಲಿಡಬೇಡಿ, ಅಲ್ಲಿ ಗಾಡಿ ನಿಲ್ಲಿಸಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ಕುತ್ಸುಗತದ ಹತ್ತಿರದ ಕಾಮುಯ್ ತೀರದ ಪಾರ್ಕಿನಲ್ಲಿ ಉನಿ ಹಿಡಿಯುವುದನ್ನು ನೀವೇ ಮಾಡಿ ನೋಡಬಹುದು.

ರಿಶಿರಿ ಕೊಂಬುವಿನ ರಸ ತಿಳಿಯಾಗಿರುತ್ತದೆ. ಕ್ಯೋಟೋದ ಅಡುಗೆಯವರು ಇದನ್ನು ಬಹಳ ಕಾಲದಿಂದ ಮೆಚ್ಚಿಕೊಂಡಿದ್ದಾರೆ. ಬಂದರಿನ ಅಂಗಡಿಗಳಲ್ಲಿ ಚೆಂದದ ಉದ್ದ ಪಟ್ಟಿಗಳಿಗೆ ಬೆಲೆ ಜಾಸ್ತಿ. ಮನೆಗೆ ಬಳಸಲು ತುಂಡುಗಳ ಪ್ಯಾಕೆಟ್ ಕೇಳಿ, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಇದು ಪೂರ್ತಿ ಸಸ್ಯಾಹಾರ. ಮೇಲಿನ ಬಿಳಿ ಪುಡಿಯನ್ನು ತೊಳೆಯಬೇಡಿ, ರುಚಿಯ ಒಂದು ಪಾಲು ಅದರಲ್ಲೇ ಇದೆ. ಅಂಗೈ ಅಗಲದ ತುಂಡನ್ನು ಒಂದು ಲೀಟರ್ ತಣ್ಣೀರಿನಲ್ಲಿ ರಾತ್ರಿ ಫ್ರಿಜ್‌ನಲ್ಲಿ ನೆನೆಸಿಡಿ. ಬೆಳಿಗ್ಗೆ ತುಂಡು ತೆಗೆದು ಆ ನೀರಿನಲ್ಲೇ ತಿಳಿಸಾರು ಮಾಡಿ. ಉಪ್ಪು ಮಾಮೂಲಿಗಿಂತ ಕಡಿಮೆ ಸಾಕು.